ಮೂರು ಸೆಮಿಸ್ಟರ್ ಓದಿ ಅಮೆರಿಕಕ್ಕೆ: ಬಾಗಲಕೋಟೆಯಿಂದ ಒಂದು ವರ್ಗಾವಣೆ ಪ್ರವೇಶದ ಪ್ರಕರಣ ಅಧ್ಯಯನ

ಮುಧೋಳ ತಾಲ್ಲೂಕಿನ ಕಬ್ಬು ಬೆಳೆಯುವ ಕುಟುಂಬವೊಂದರ ಮಗಳು 2023ರಲ್ಲಿ ದ್ವಿತೀಯ ಪಿಯುಸಿ ಮುಗಿಸಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸಂಯೋಜಿತವಾದ ಬಾಗಲಕೋಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಪದವಿಗೆ ಸೇರಿದಳು. ಅಲ್ಲಿ ಮೂರು ಸೆಮಿಸ್ಟರ್ ಓದಿ, 2025ರ ಆಗಸ್ಟ್‌ನಲ್ಲಿ ಅಮೆರಿಕದ ರಾಜ್ಯ ವಿಶ್ವವಿದ್ಯಾಲಯವೊಂದಕ್ಕೆ ವರ್ಗಾವಣೆ ವಿದ್ಯಾರ್ಥಿನಿಯಾಗಿ ಹೋದಳು. ಕಾಲೇಜಿನಲ್ಲಿ ಪಾಠ ಹೇಳುತ್ತ, ಬಿಡುವಿನಲ್ಲಿ ಮಕ್ಕಳ ಅರ್ಜಿಗಳನ್ನು ನೋಡಿಕೊಡುವ ನನ್ನ ಬಳಿ ಆಕೆಯ ಕಡತ ಹದಿನಾರು ತಿಂಗಳು ಇತ್ತು. ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬಿಟ್ಟು, ಆ ಕಡತದಲ್ಲಿ ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ನಮ್ಮ ಭಾಗದಿಂದ ಬಿ.ಇ. ಮುಗಿಸಿ ಎಂ.ಎಸ್. ಓದಲು ಹೋಗುವವರ ದಾರಿ ಎಲ್ಲರಿಗೂ ಪರಿಚಿತ. ಪದವಿಯ ನಡುವಿನಲ್ಲೇ ಎದ್ದು ಹೋಗುವವರು ಅಪರೂಪವಾದ್ದರಿಂದ, ಹಿರಿಯ ವಿದ್ಯಾರ್ಥಿಗಳು ಹೇಳುವ ಬುದ್ಧಿಮಾತು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ತಂದೆ ಮತ್ತು ಮಗಳು ನನ್ನನ್ನು ಮೊದಲು ಕಂಡದ್ದು 2024ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ಅವರು ಹೊರಗಿನ ಊರಿನ ಒಂದು ಸಲಹಾ ಸಂಸ್ಥೆಗೆ ಹೋಗಿ ಬಂದಿದ್ದರು. ಮೊದಲ ಸೆಮಿಸ್ಟರಿನ ಗಣಿತದಲ್ಲಿ ಆಕೆಗೆ ಎಫ್ ಗ್ರೇಡ್ ಬಂದಿತ್ತು. ಪಿಯುಸಿಯ ಅಂಕಗಳು ಚೆನ್ನಾಗಿದ್ದುದರಿಂದ, ಕಾಲೇಜು ಸೇರಿದ ಸಂಗತಿಯನ್ನೇ ಅರ್ಜಿಯಲ್ಲಿ ಬರೆಯದೆ, ಪಿಯುಸಿ ಆದ ಮೇಲೆ ಮನೆಯಲ್ಲಿದ್ದಳೆಂದು ತೋರಿಸಿ ಮೊದಲ ವರ್ಷದ ಪ್ರವೇಶಕ್ಕೇ ಅರ್ಜಿ ಹಾಕಬೇಕೆಂದು ಸಂಸ್ಥೆಯವರು ಸೂಚಿಸಿದ್ದರು. ಬ್ಯಾಕ್‌ಲಾಗ್ ಕಾಣಿಸದು, ವಿದ್ಯಾರ್ಥಿವೇತನ ಸಿಕ್ಕರೂ ಸಿಗಬಹುದು ಎಂಬುದು ಅವರ ಲೆಕ್ಕ. ತಂದೆಯ ಚಿಂತೆ ಬೇರೆಯೇ ಆಗಿತ್ತು. "ಓದಿದ ವರ್ಷ ಹಾಳಾಗೂದು ಬ್ಯಾಡ್ರಿ ಸರ್, ಅದನ್ನ ಲೆಕ್ಕಕ್ಕ ತಗೋಬೇಕ್ರಿ" ಎಂದು ಅವರು ಹೇಳಿದರು. ಒಂದೇ ಮನೆಯವರು ಒಂದು ವರ್ಷವನ್ನು ಮುಚ್ಚಿಡುವ ಸಲಹೆಯನ್ನೂ, ಅದೇ ವರ್ಷವನ್ನು ಉಳಿಸಿಕೊಳ್ಳುವ ಆಸೆಯನ್ನೂ ಒಟ್ಟಿಗೆ ಹೊತ್ತುಕೊಂಡು ಬಂದಿದ್ದರು.

ಆ ಸಲಹೆ ಏಕೆ ನಡೆಯದೆಂಬುದನ್ನು ನಾನು ನೀತಿಯ ಮಾತಾಗಿ ಹೇಳಲಿಲ್ಲ. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳ ನಿಯಮದಂತೆ, ಪ್ರೌಢ ಹಂತದ ಶಿಕ್ಷಣ, ಅಂದರೆ ನಮ್ಮ ಪಿಯುಸಿ, ಮುಗಿದ ಮೇಲೆ ಯಾವುದೇ ಕಾಲೇಜಿಗೆ ಪದವಿ ವಿದ್ಯಾರ್ಥಿಯಾಗಿ ದಾಖಲಾದವರು ವರ್ಗಾವಣೆ ಅರ್ಜಿದಾರರೇ ಆಗುತ್ತಾರೆ. ಆ ಕಾಲೇಜು ಯಾವ ದೇಶದಲ್ಲಿದೆ, ಅಲ್ಲಿ ಪಾಸಾದರೋ ಫೇಲಾದರೋ ಎಂಬುದರಿಂದ ಇದು ಬದಲಾಗುವುದಿಲ್ಲ. ಓದಿದ ಎಲ್ಲ ಸಂಸ್ಥೆಗಳ ಹೆಸರನ್ನೂ ಬರೆದಿದ್ದೇನೆಂದು ಅರ್ಜಿದಾರರು ಸಹಿ ಹಾಕಬೇಕು, ಅದು ಸುಳ್ಳೆಂದು ತಿಳಿದರೆ ಪ್ರವೇಶವನ್ನೂ, ಮುಂದೊಮ್ಮೆ ಪದವಿಯನ್ನೂ ರದ್ದು ಮಾಡಬಹುದು. ಅದಾದ ಮೇಲೆ ವೀಸಾ ಅರ್ಜಿಯಾದ ಡಿಎಸ್-160 ಬರುತ್ತದೆ. ಪ್ರೌಢ ಹಂತದಿಂದ ಮೇಲಕ್ಕೆ ಓದಿದ ಸಂಸ್ಥೆಗಳ ವಿವರವನ್ನು ಅದೂ ಕೇಳುತ್ತದೆ. ಅಲ್ಲಿ ನಿಜ ಬರೆದರೆ ವಿಶ್ವವಿದ್ಯಾಲಯಕ್ಕೆ ಹೇಳಿದ್ದು ಸುಳ್ಳೆಂದು ತಾನಾಗಿಯೇ ತೋರುತ್ತದೆ. ಸುಳ್ಳು ಬರೆದರೆ, ಉದ್ದೇಶಪೂರ್ವಕ ತಪ್ಪು ಮಾಹಿತಿಗೆ ಅಲ್ಲಿನ ವಲಸೆ ಕಾನೂನಿನಲ್ಲಿ ಶಾಶ್ವತ ಪ್ರವೇಶ ನಿರ್ಬಂಧದವರೆಗೂ ಶಿಕ್ಷೆಯಿದೆ. ಎಫ್ ಗ್ರೇಡು ಪ್ರವೇಶಕ್ಕೆ ಅಡ್ಡಿಯಾಗಬಹುದಿತ್ತು, ನಿಜ. ಆದರೆ ಅದು ಮುಂದಿನ ಪರೀಕ್ಷೆಯಲ್ಲಿ ಸರಿಹೋಗುವ ಅಡ್ಡಿ. ಮುಚ್ಚಿಟ್ಟ ಕಾಲೇಜು ಯಾವ ಪರೀಕ್ಷೆಯಿಂದಲೂ ಸರಿಹೋಗದು.

ಇಲ್ಲಿ ‘ಟ್ರಾನ್ಸ್‌ಫರ್’ ಎಂಬ ಒಂದೇ ಪದ ಮಾಡಿದ ಗೊಂದಲವನ್ನೂ ಹೇಳಬೇಕು. ನಮ್ಮಲ್ಲಿ ಟಿಸಿ ಎಂದರೆ ಒಂದು ಸಂಸ್ಥೆ ಬಿಟ್ಟದ್ದಕ್ಕೆ ಕೊಡುವ ಪತ್ರ. ಟಿಸಿ ಕೈಯಲ್ಲಿದ್ದರೆ ವರ್ಗಾವಣೆ ಆದಂತೆಯೇ ಎಂದು ತಂದೆ ತಿಳಿದಿದ್ದರು. ಅಮೆರಿಕದ ಪ್ರವೇಶ ಕಚೇರಿ ಟಿಸಿಯನ್ನು ಕೇಳಲೇ ಇಲ್ಲ. ಮಗಳು ವಿಟಿಯುವಿನೊಳಗೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಬದಲಾಗುವ ಪದ್ಧತಿಯನ್ನು ನೋಡಿದ್ದಳು. ಅಲ್ಲಿ ಪಠ್ಯಕ್ರಮ ಒಂದೇ ಆದ್ದರಿಂದ ಓದಿದ್ದೆಲ್ಲ ಹಾಗೆಯೇ ಉಳಿಯುತ್ತದೆ, ಹೀಗಾಗಿ ಅಮೆರಿಕದಲ್ಲೂ ನೇರವಾಗಿ ನಾಲ್ಕನೆಯ ಸೆಮಿಸ್ಟರಿಗೆ ಕೂರಬಹುದೆಂದು ಆಕೆ ಎಣಿಸಿದ್ದಳು. ಮೂರನೆಯ ಅರ್ಥ ವೀಸಾ ವ್ಯವಸ್ಥೆಯದು. ಅಮೆರಿಕ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಲೆಕ್ಕವಿಡುವ ಸೆವಿಸ್ ದಾಖಲೆಯಲ್ಲಿ ವರ್ಗಾವಣೆ ಎಂದರೆ, ಈಗಾಗಲೇ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕದಲ್ಲಿರುವ ವಿದ್ಯಾರ್ಥಿ ಅಲ್ಲಿಯದೇ ಇನ್ನೊಂದು ಸಂಸ್ಥೆಗೆ ಹೋಗುವುದು. ಬಾಗಲಕೋಟೆಯಿಂದ ಹೋಗುವವರು ಪ್ರವೇಶದ ಲೆಕ್ಕದಲ್ಲಿ ವರ್ಗಾವಣೆ ವಿದ್ಯಾರ್ಥಿಗಳಾದರೂ, ಅವರಿಗೆ ಬರುವ ಐ-20, ಅಂದರೆ ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಪತ್ರ, ಹೊಸ ವಿದ್ಯಾರ್ಥಿಯದೇ. ಆಕೆ ಒಂದು ಕಡೆ ಸೆವಿಸ್ ವರ್ಗಾವಣೆಯ ನಮೂನೆಯನ್ನು ತುಂಬಿ ಕಳಿಸಿಬಿಟ್ಟಿದ್ದಳು. ಅದನ್ನು ಹಿಂಪಡೆಯಲು ನಾಲ್ಕು ಮಿಂಚಂಚೆ ಬೇಕಾಯಿತು.

ಕಾಲದ ಹೊಂದಾಣಿಕೆ ಎರಡನೆಯ ತೊಡಕು. ಅಮೆರಿಕದ ಮುಖ್ಯ ಪ್ರವೇಶಾವಧಿ ಆಗಸ್ಟ್ ಉತ್ತರಾರ್ಧದಲ್ಲಿ ಆರಂಭವಾಗುತ್ತದೆ. ಆಕೆಯ ಎರಡನೆಯ ಸೆಮಿಸ್ಟರಿನ ಪರೀಕ್ಷೆ, ಗಣಿತದ ಮರುಪರೀಕ್ಷೆ, ಫಲಿತಾಂಶ ಎಲ್ಲವೂ ಆ ದಿನಗಳನ್ನು ದಾಟಿಯೇ ಬರುವಂಥವು. ವಿಶ್ವವಿದ್ಯಾಲಯ ಕೊಡುವ ಅಂಕದಾಖಲೆಯಾದ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಇಲ್ಲದೆ 2024ರಲ್ಲಿ ಹೋಗುವ ಮಾತೇ ಇರಲಿಲ್ಲ. ಜನವರಿಯ ಪ್ರವೇಶಾವಧಿಗೂ ಪ್ರಯತ್ನಿಸಬಹುದಿತ್ತು, ಆದರೆ ಫಲಿತಾಂಶಕ್ಕೂ ಅರ್ಜಿಯ ಕೊನೆಯ ದಿನಕ್ಕೂ ನಡುವೆ ಉಸಿರಾಡುವಷ್ಟು ಜಾಗವಿರಲಿಲ್ಲ. ಹಾಗಾಗಿ ಮೂರನೆಯ ಸೆಮಿಸ್ಟರನ್ನು ಇಲ್ಲಿಯೇ ಪೂರ್ಣವಾಗಿ ಮುಗಿಸಿ, 2025ರ ಆಗಸ್ಟ್‌ಗೆ ಅರ್ಜಿ ಹಾಕುವುದೆಂದು ನಿರ್ಧರಿಸಿದೆವು. ನಾಲ್ಕನೆಯ ಸೆಮಿಸ್ಟರಿಗೆ ಆಕೆ ನೋಂದಾಯಿಸಲಿಲ್ಲ. ನೋಂದಾಯಿಸಿ ಅರ್ಧಕ್ಕೆ ಬಿಟ್ಟಿದ್ದರೆ ಅದೂ ದಾಖಲೆಯಲ್ಲಿ ಉಳಿದು, ಅದಕ್ಕೂ ವಿವರಣೆ ಕೊಡಬೇಕಾಗುತ್ತಿತ್ತು.

ವಿಶ್ವವಿದ್ಯಾಲಯಗಳ ಆಯ್ಕೆ ಬೇಗ ಮುಗಿಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೆಸರು ಪಟ್ಟಿಯ ಮೊದಲಲ್ಲಿತ್ತು. ಆದರೆ ಅಲ್ಲಿ ವರ್ಗಾವಣೆ ಎಂದರೆ ಬಹುಮಟ್ಟಿಗೆ 60 ಸೆಮಿಸ್ಟರ್ ಯೂನಿಟ್ (ಸುಮಾರು ಎರಡು ವರ್ಷದ ಓದು) ಮುಗಿಸಿ ಮೂರನೆಯ ವರ್ಷಕ್ಕೆ ಸೇರುವುದು, ಅದರಲ್ಲೂ ಆದ್ಯತೆ ಅದೇ ರಾಜ್ಯದ ಸಮುದಾಯ ಕಾಲೇಜುಗಳಿಂದ ಬರುವವರಿಗೆ. ಆ ಹೆಸರನ್ನು ಹೊಡೆದುಹಾಕಿದೆವು. ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಮನೆಯವರಿಗೆ ಬಹಳ ಭಯವಿತ್ತು, ಏಕೆಂದರೆ ಹತ್ತನೆಯ ತರಗತಿಯವರೆಗೆ ಆಕೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಬಿ.ಇ. ಇಂಗ್ಲಿಷಿನಲ್ಲಿ ನಡೆಯುತ್ತದೆಂಬ ಕಾಲೇಜಿನ ಪತ್ರವನ್ನು ಆಯ್ಕೆಮಾಡಿದ ವಿಶ್ವವಿದ್ಯಾಲಯ ಒಪ್ಪಲಿಲ್ಲ. ಐಇಎಲ್‌ಟಿಎಸ್‌ನಲ್ಲಿ ಕೇಳಿದ್ದ 6.5 ಬ್ಯಾಂಡ್ ಆಕೆಗೆ ಮೊದಲ ಸಲವೇ ಬಂತು. ಇಡೀ ಕಡತದಲ್ಲಿ ಅತ್ಯಂತ ಸುಲಭವಾಗಿ ಮುಗಿದ ಪುಟ ಅದೇ. ಅಂಕಪಟ್ಟಿಗೆ ಎರಡು ವರ್ಷವಷ್ಟೇ ಮಾನ್ಯತೆ ಎಂಬುದನ್ನು ಮಾತ್ರ ನೆನಪಿಟ್ಟು ಪರೀಕ್ಷೆಯ ದಿನ ಗೊತ್ತುಮಾಡಿದ್ದೆವು.

ಶಾಲೆಯ ದಾಖಲೆಗಳು ಇಷ್ಟು ಕಾಡುತ್ತವೆಂದು ಯಾರೂ ಊಹಿಸಿರಲಿಲ್ಲ. ಕಾಲೇಜಿನಲ್ಲಿ ಗಳಿಸಿದ ಕ್ರೆಡಿಟ್, ಅಂದರೆ ಓದಿದ ವಿಷಯಗಳ ತೂಕದ ಲೆಕ್ಕ, ಒಂದು ಮಿತಿಗಿಂತ ಕಡಿಮೆಯಿದ್ದರೆ ಪ್ರೌಢ ಹಂತದ ದಾಖಲೆಯನ್ನೂ ಕೇಳುವುದು ವಾಡಿಕೆ. ಅಮೆರಿಕದವರ ಲೆಕ್ಕದಲ್ಲಿ ಆ ಹಂತವೆಂದರೆ 9ರಿಂದ 12ರವರೆಗಿನ ನಾಲ್ಕು ವರ್ಷ. ನಮ್ಮವರು ಜತನವಾಗಿ ಲ್ಯಾಮಿನೇಷನ್ ಮಾಡಿಸಿ ಇಡುವುದು ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಯ ಅಂಕಪಟ್ಟಿಗಳನ್ನು. ಒಂಬತ್ತನೆಯ ತರಗತಿಯ ಪ್ರಗತಿ ಪತ್ರ ಯಾರ ಮನೆಯಲ್ಲೂ ಇರುವುದಿಲ್ಲ. ಆಕೆ ಒಂಬತ್ತನೆಯ ತರಗತಿಯಲ್ಲಿದ್ದುದು 2019–20ರಲ್ಲಿ. ಆ ವರ್ಷ ಕೋವಿಡ್ ಕಾರಣದಿಂದ ವಾರ್ಷಿಕ ಪರೀಕ್ಷೆಯೇ ನಡೆಯದೆ ಮಕ್ಕಳನ್ನು ಮುಂದಿನ ತರಗತಿಗೆ ತೇರ್ಗಡೆ ಮಾಡಲಾಗಿತ್ತು. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಎಂದಿನಂತಿರಲಿಲ್ಲ: ಜುಲೈ 19 ಮತ್ತು 22ರಂದು, ದಿನಕ್ಕೆ ಮೂರು ವಿಷಯಗಳಂತೆ, ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಮುಗಿದಿತ್ತು. ಒಂಬತ್ತರಲ್ಲಿ ವಾರ್ಷಿಕ ಅಂಕ ಖಾಲಿ, ಹತ್ತರಲ್ಲಿ ಎರಡೇ ದಿನದ ಪರೀಕ್ಷೆ ಎಂಬುದನ್ನು ದೂರದಲ್ಲಿ ಕುಳಿತು ನೋಡುವವರಿಗೆ ಕಡತವೇ ಅಪೂರ್ಣವೆನ್ನಿಸುತ್ತದೆ. ಊರಿನ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಹಳೆಯ ದಾಖಲೆ ತೆಗೆಸಿ, ರೂಪಣಾತ್ಮಕ ಮೌಲ್ಯಮಾಪನದ ಶ್ರೇಣಿಗಳನ್ನು ಬರೆದುಕೊಟ್ಟು, ವಾರ್ಷಿಕ ಪರೀಕ್ಷೆ ಏಕೆ ಇಲ್ಲವೆಂಬುದಕ್ಕೆ ಮೊಹರು ಹಾಕಿದ ಒಂದು ಪುಟದ ಪತ್ರವನ್ನೂ ಕೊಟ್ಟರು. ಅದರ ಇಂಗ್ಲಿಷ್ ಅನುವಾದ ಅಕ್ಷರಶಃ ಇರಬೇಕಿತ್ತು. ಅನುವಾದಕರು ಮೊದಲ ಸಲ ಶ್ರೇಣಿಗಳನ್ನು ತಾವೇ ಶೇಕಡಾವಾರಿಗೆ ಇಳಿಸಿ ‘ಅನುಕೂಲ’ ಮಾಡಿಕೊಟ್ಟಿದ್ದರಿಂದ ಅದನ್ನು ಮತ್ತೆ ಮಾಡಿಸಬೇಕಾಯಿತು.

ಕಾಲೇಜಿನ ದಾಖಲೆಯ ವಿಷಯದಲ್ಲಿ ಮೊದಲ ಪಾಠ ಮೊಹರಿನದು. ಪ್ರಾಂಶುಪಾಲರ ಸಹಿಯಿರುವ ಅಂಕಗಳ ಪಟ್ಟಿ ಸಾಕೆಂದು ಆಕೆ ತಿಳಿದಿದ್ದಳು. ಸಂಯೋಜಿತ ಕಾಲೇಜಿನಲ್ಲಿ ಪರೀಕ್ಷೆ ನಡೆಸುವುದೂ ಪದವಿ ಕೊಡುವುದೂ ವಿಶ್ವವಿದ್ಯಾಲಯವಾದ್ದರಿಂದ, ಟ್ರಾನ್ಸ್‌ಕ್ರಿಪ್ಟ್ ಬರಬೇಕಾದುದು ಬೆಳಗಾವಿಯ ಜ್ಞಾನಸಂಗಮದಲ್ಲಿರುವ ವಿಟಿಯು ಕೇಂದ್ರ ಕಚೇರಿಯಿಂದ, ಅದೂ ವಿದ್ಯಾರ್ಥಿಯ ಕೈಗೆ ಸಿಗದೆ ನೇರವಾಗಿ ಮೌಲ್ಯಮಾಪನ ಸಂಸ್ಥೆಗೆ. ಅಮೆರಿಕದ ವಿಶ್ವವಿದ್ಯಾಲಯ, ವಿದೇಶಿ ಅಂಕದಾಖಲೆಗಳನ್ನು ಅಲ್ಲಿನ ಅಳತೆಗೆ ಹೋಲಿಸಿ ಕೊಡುವ ಸಂಸ್ಥೆಗಳ ಒಕ್ಕೂಟವಾದ ನೇಸಸ್‌ನ ಸದಸ್ಯ ಸಂಸ್ಥೆಯೊಂದರಿಂದ ವಿಷಯವಾರು ಮೌಲ್ಯಮಾಪನ ವರದಿ ಕೇಳಿತ್ತು. ಡಬ್ಲ್ಯುಇಎಸ್, ಇಸಿಇ ಮುಂತಾದವು ಇಂಥ ಸಂಸ್ಥೆಗಳು. ವರದಿಯಲ್ಲಿ ಸಾಮಾನ್ಯ ಮತ್ತು ವಿಷಯವಾರು ಎಂಬ ಎರಡು ಬಗೆಗಳಿವೆ. ಅಗ್ಗವೆಂದು ಮೊದಲನೆಯದನ್ನು ತರಿಸಿದರೆ ವರ್ಗಾವಣೆಗೆ ಅದು ನಿರುಪಯುಕ್ತ.

ಗ್ರೇಡಿನ ಅಕ್ಷರಗಳು ಎರಡನೆಯ ಪಾಠ. ವಿಟಿಯುವಿನ 2022ರ ಸ್ಕೀಮ್‌ನಲ್ಲಿ 90 ಮತ್ತು ಅದಕ್ಕೂ ಮೇಲ್ಪಟ್ಟ ಅಂಕದವರಿಗೆ ಒ, 50ರಿಂದ 54ಕ್ಕೆ ಸಿ, 40ರಿಂದ 49ಕ್ಕೆ ಪಿ. ಅಮೆರಿಕದಲ್ಲಿ ಪಿ ಎಂದರೆ ಅಂಕವಿಲ್ಲದೆ ‘ಪಾಸು’ ಎಂದಷ್ಟೇ ನಮೂದಿಸುವ ವಿಷಯ. ಸಿ ಎಂಬುದು ಅಲ್ಲಿಯೂ ಇದೆ, ಆದರೆ ನಮ್ಮ ಸಿ ಅದಲ್ಲ. ಅಕ್ಷರಗಳ ಅರ್ಥ ಮುದ್ರಿತವಾಗಿರುವ ಪುಟವನ್ನು ಆಕೆ ಸ್ಕ್ಯಾನ್ ಮಾಡದೆ ಬಿಟ್ಟಿದ್ದರಿಂದ, ಗಣಿತದ ಮರುಪರೀಕ್ಷೆಯಲ್ಲಿ ಬಂದ ಪಿ ಗ್ರೇಡನ್ನು ಪ್ರವೇಶ ಕಚೇರಿ ಮೊದಲು ‘ಅಂಕವಿಲ್ಲದ ವಿಷಯ’ವೆಂದೇ ಓದಿತ್ತು. ಪುಟ ಕಳಿಸಿದ ಮೇಲೆ ಅರ್ಥ ಸರಿಯಾಯಿತು, ಆದರೆ ಲಾಭವಾಗಲಿಲ್ಲ: ತನ್ನ ಸಿ ಗ್ರೇಡಿಗಿಂತ ಕೆಳಗಿನದೆಂದು ಪರಿಗಣಿಸಿ ಆ ವಿಷಯದ ಕ್ರೆಡಿಟ್ ಕೈಬಿಟ್ಟಿತು. ಎಫ್ ಬಂದ ಮೊದಲ ಯತ್ನದ ಬಗ್ಗೆ ಆಕೆ ನಾಲ್ಕು ಸಾಲಿನ ವಿವರಣೆ ಬರೆದಿದ್ದಳು. ಕನ್ನಡ ಮಾಧ್ಯಮವನ್ನೋ ಮನೆಯ ಪರಿಸ್ಥಿತಿಯನ್ನೋ ಅದರಲ್ಲಿ ದೂರಲಿಲ್ಲ. ಆಂತರಿಕ ಪರೀಕ್ಷೆಗಳನ್ನು ಹಗುರವಾಗಿ ತೆಗೆದುಕೊಂಡದ್ದನ್ನು, ಮುಂದಿನ ಗಣಿತದ ಪತ್ರಿಕೆಗಳಲ್ಲಿ ಬಂದ ಗ್ರೇಡುಗಳನ್ನು ಮಾತ್ರ ಹೇಳಿದ್ದಳು. ಎಫ್ ಕಾರಣದಿಂದ ಅರ್ಜಿ ತಿರಸ್ಕೃತವಾಗಲಿಲ್ಲ.

ಇನ್ನು ಕ್ರೆಡಿಟ್. ಈ ಪ್ರಕರಣದಲ್ಲಿ ನಾನೇ ಹೆಚ್ಚು ಕಲಿತದ್ದು ಇಲ್ಲಿ. 2022ರ ಸ್ಕೀಮ್‌ನಲ್ಲಿ ಬಿ.ಇ. ಪದವಿಗೆ 160 ಕ್ರೆಡಿಟ್, ಸೆಮಿಸ್ಟರಿಗೆ ಸುಮಾರು 20. ಅಮೆರಿಕದ ಪದವಿ ಸಾಮಾನ್ಯವಾಗಿ 120 ಕ್ರೆಡಿಟ್‌ನದು, ಸೆಮಿಸ್ಟರಿಗೆ ಸುಮಾರು 15. ನಾಲ್ಕು ವರ್ಷಕ್ಕೆ ನಾಲ್ಕು ವರ್ಷ ಸಮವೆಂದರೆ ನಮ್ಮ ನಾಲ್ಕು ಕ್ರೆಡಿಟ್ ಅಲ್ಲಿ ಮೂರಾಗುತ್ತದೆ. ಆಕೆಯ 60 ಕ್ರೆಡಿಟ್ ಮೌಲ್ಯಮಾಪನ ವರದಿಯಲ್ಲಿ 45 ಆಗಿತ್ತು. ಹದಿನೈದು ಕ್ರೆಡಿಟ್ ಕಳೆದುಹೋದವೆಂದು ಮನೆಯಲ್ಲಿ ಗಲಾಟೆಯಾಯಿತು. ವಾಸ್ತವದಲ್ಲಿ ಏನೂ ಕಳೆದಿರಲಿಲ್ಲ, ಅಳತೆಗೋಲು ಬದಲಾಗಿತ್ತು ಅಷ್ಟೆ. ನಿಜವಾದ ನಷ್ಟ ಅದರ ನಂತರದ್ದು. ಗಣಿತದ ಮೂರನ್ನು ಬಿಟ್ಟು 42 ಕ್ರೆಡಿಟ್ ಒಪ್ಪಿದ ವಿಶ್ವವಿದ್ಯಾಲಯ, ಪದವಿಯ ಅಗತ್ಯಗಳಿಗೆ ಅನ್ವಯಿಸಿದ್ದು 27 ಮಾತ್ರ. ಒಪ್ಪುವುದು ಬೇರೆ, ಅನ್ವಯಿಸುವುದು ಬೇರೆ. ಮೊದಲನೆಯದನ್ನು ಪ್ರವೇಶ ಕಚೇರಿ ಮಾಡುತ್ತದೆ, ಎರಡನೆಯದನ್ನು ಆಯಾ ವಿಭಾಗ ಪಠ್ಯಕ್ರಮ ಓದಿ ತೀರ್ಮಾನಿಸುತ್ತದೆ.

ಭೌತಶಾಸ್ತ್ರವನ್ನೇ ನೋಡೋಣ. ಕಂಪ್ಯೂಟರ್ ಸೈನ್ಸ್ ವಿಭಾಗದವರಿಗೆ ವಿಟಿಯು ಇಟ್ಟಿರುವ ಅನ್ವಯಿಕ ಭೌತಶಾಸ್ತ್ರದಲ್ಲಿ ಲೇಸರ್, ಆಪ್ಟಿಕಲ್ ಫೈಬರ್, ಕ್ವಾಂಟಂ ಮೆಕ್ಯಾನಿಕ್ಸ್, ಕ್ವಾಂಟಂ ಕಂಪ್ಯೂಟಿಂಗ್ ಬರುತ್ತವೆ. ಅಮೆರಿಕದ ಮೊದಲ ಭೌತಶಾಸ್ತ್ರದ ವಿಷಯ ನ್ಯೂಟನ್ನನ ಚಲನೆಯ ನಿಯಮ, ಬಲ, ಶಕ್ತಿ, ಆವರ್ತನೆ. ಅದನ್ನು ನಮ್ಮ ಮಕ್ಕಳು ಪ್ರಥಮ ಪಿಯುಸಿಯಲ್ಲೇ ಓದಿರುತ್ತಾರೆ. ಆದರೆ ಪಿಯುಸಿ ಅಲ್ಲಿನವರ ಪಾಲಿಗೆ ಪ್ರೌಢ ಹಂತ, ಅದಕ್ಕೆ ಕ್ರೆಡಿಟ್ ಇಲ್ಲ. ಹೀಗಾಗಿ ಕ್ವಾಂಟಂ ಓದಿ ಬಂದವಳು ಮೆಕ್ಯಾನಿಕ್ಸ್ ತರಗತಿಯಲ್ಲಿ ಮತ್ತೆ ಕೂರಬೇಕಾಯಿತು. ಗಣಿತದಲ್ಲೂ ಇದೇ ಕಥೆ. ವಿಟಿಯುವಿನ ಮೊದಲ ಸೆಮಿಸ್ಟರಿನ ಗಣಿತ, ಪಿಯುಸಿಯ ಕಲನಶಾಸ್ತ್ರ ಬರುತ್ತದೆಂದು ನಂಬಿಕೊಂಡು, ಧ್ರುವೀಯ ವಕ್ರರೇಖೆ, ಆಂಶಿಕ ಅವಕಲನ, ಅವಕಲ ಸಮೀಕರಣ, ಮಾಡ್ಯುಲರ್ ಅಂಕಗಣಿತ, ರೇಖೀಯ ಬೀಜಗಣಿತ ಎಲ್ಲವನ್ನೂ ಒಂದೇ ಪತ್ರಿಕೆಯಲ್ಲಿ ಮುಟ್ಟಿ ಹೋಗುತ್ತದೆ. ಅಲ್ಲಿ ಇವು ನಾಲ್ಕೈದು ಬೇರೆ ಬೇರೆ ಕೋರ್ಸುಗಳು, ನಮ್ಮದು ಅವುಗಳಲ್ಲಿ ಯಾವುದಕ್ಕೂ ಪೂರ್ತಿ ಹೊಂದುವುದಿಲ್ಲ. ಕಷ್ಟವಾದದ್ದನ್ನು ಓದಿದ್ದಕ್ಕೆ ಸುಲಭವಾದದ್ದರ ಲೆಕ್ಕ ಸಿಗದಿರುವುದು ನನಗೆ ಈಗಲೂ ಅನ್ಯಾಯವೆನ್ನಿಸುತ್ತದೆ, ಆದರೆ ಪಠ್ಯಕ್ರಮಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅವರ ತರ್ಕದಲ್ಲಿ ತಪ್ಪು ಹುಡುಕಲಾಗಲಿಲ್ಲ.

ಸುಲಭವಾಗಿ ಹೊಂದಿದ್ದು ಸಿ ಪ್ರೋಗ್ರಾಮಿಂಗ್ ಮತ್ತು ಡೇಟಾ ಸ್ಟ್ರಕ್ಚರ್ಸ್. ಅಲ್ಲಿಯೂ ಒಂದು ಭಿನ್ನರಾಶಿಯ ಕಿರಿಕಿರಿ ಇತ್ತು: ನಮ್ಮ 3 ಕ್ರೆಡಿಟ್ ಅಲ್ಲಿ 2.25 ಆಗುತ್ತದೆ, ಕೋರ್ಸು 3 ಕ್ರೆಡಿಟ್‌ನದು. ವಿಷಯ ಮುಗಿದಿದೆಯೆಂದು ವಿಭಾಗ ಒಪ್ಪಿತು, ಉಳಿದ ಮುಕ್ಕಾಲು ಕ್ರೆಡಿಟನ್ನು ಬೇರೆಲ್ಲಾದರೂ ತುಂಬಿಕೊಳ್ಳಬೇಕು. ಕನ್ನಡ, ಸಂವಿಧಾನದಂಥ ಒಂದೊಂದು ಕ್ರೆಡಿಟ್‌ನ ವಿಷಯಗಳು ಐಚ್ಛಿಕದ ಗುಡ್ಡೆಗೆ ಬಿದ್ದವು. ಕಾಲೇಜು ನ್ಯಾಕ್, ಎನ್‌ಬಿಎ ಮಾನ್ಯತೆ ಪಡೆದಿದೆಯಲ್ಲವೇ ಎಂದು ತಂದೆ ಕೇಳಿದರು. ಎನ್‌ಬಿಎ 2014ರಿಂದ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಹೊಂದಿದೆ, ನಿಜ. ಆದರೆ ಆ ಒಪ್ಪಂದ ಪೂರ್ಣಗೊಂಡ ಪದವಿಯ ಸಮಾನತೆಗೆ ಸಂಬಂಧಿಸಿದ್ದು, ನಡುವಿನ ಬಿಡಿ ಕ್ರೆಡಿಟ್‌ಗಳಿಗಲ್ಲ. ನಾವು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ, ಪ್ರತಿ ವಿಷಯದ ಪಠ್ಯಕ್ರಮ, ಪಾಠದ ಗಂಟೆಗಳು, ಪ್ರಯೋಗಗಳ ಪಟ್ಟಿ, ಪಠ್ಯಪುಸ್ತಕದ ಹೆಸರು ಇವನ್ನು ವಿಷಯಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಒಂದೇ ಕಡತ ಮಾಡಿದ್ದು. ವಿಭಾಗದವರು ಕೇಳಿದ ದಿನವೇ ಅದು ಅವರ ಕೈಗೆ ಹೋಯಿತು.

ಪ್ರವೇಶ ಪತ್ರ ಬಂದ ಮೇಲೆ ಐ-20 ಪಡೆಯಲು ಮೊದಲ ವರ್ಷದ ಪೂರ್ಣ ವೆಚ್ಚಕ್ಕೆ ಸಾಕಾಗುವ ಹಣದ ಆಧಾರ ಕೊಡಬೇಕಿತ್ತು. "ಹೊಲ ಐತ್ರಿ, ಕಬ್ಬ ಐತ್ರಿ, ಕಾರ್ಖಾನಿ ಬಿಲ್ ಬಂದಮ್ಯಾಲ ರೊಕ್ಕಾನೂ ಇರತೈತ್ರಿ. ಅವರು ಯಾಕ ಒಪ್ಪಂಗಿಲ್ರಿ?" ಎಂಬ ತಂದೆಯ ಪ್ರಶ್ನೆಗೆ ಉತ್ತರ ಸರಳ. ಕೂಡಲೇ ನಗದಾಗುವ ಹಣ ಬೇಕು. ಜಮೀನಿನ ಉತಾರ, ಬಂಗಾರ, ಬರಬೇಕಾದ ಬಿಲ್ಲು ಇವು ಆಸ್ತಿ, ನಗದಲ್ಲ. ಉಳಿತಾಯದ ದೊಡ್ಡ ಭಾಗ ಊರಿನ ಪತ್ತಿನ ಸಹಕಾರಿ ಸಂಘದ ಠೇವಣಿಯಲ್ಲಿತ್ತು, ಅದರ ಪತ್ರ ಕನ್ನಡದಲ್ಲಿತ್ತು, ಬ್ಯಾಂಕಿನ ಪತ್ರವೇ ಬೇಕೆಂದು ವಿಶ್ವವಿದ್ಯಾಲಯ ಹೇಳಿತ್ತು. ಅವಧಿ ಮುಗಿದಂತೆ ಠೇವಣಿಯನ್ನು ರಾಷ್ಟ್ರೀಕೃತ ಬ್ಯಾಂಕಿಗೆ ತಂದು, ಉಳಿದದ್ದಕ್ಕೆ ಶಿಕ್ಷಣ ಸಾಲ ಕೇಳಿದರು. ಕೃಷಿ ಜಮೀನನ್ನು ಶಿಕ್ಷಣ ಸಾಲಕ್ಕೆ ಆಧಾರವಾಗಿ ಬ್ಯಾಂಕುಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಮನೆ ಹೋದ ಸೋದರಮಾವನಿಗೆ ಬಾಗಲಕೋಟೆಯ ನವನಗರದಲ್ಲಿ ನಿವೇಶನ ಸಿಕ್ಕು, ಅಲ್ಲಿ ಕಟ್ಟಿಸಿದ ಮನೆಯ ಕಾಗದಪತ್ರ ಸರಿಯಾಗಿತ್ತು. ಅವರು ಆಧಾರ ಕೊಟ್ಟರು. ಸಾಲ ಮಂಜೂರಾತಿ ಪತ್ರವನ್ನು ವಿಶ್ವವಿದ್ಯಾಲಯ ನಗದಿನಷ್ಟೇ ಮಾನ್ಯ ಮಾಡಿತು. 2025ರ ಏಪ್ರಿಲ್‌ನಿಂದ ಬ್ಯಾಂಕಿನ ಶಿಕ್ಷಣ ಸಾಲದ ಹಣವನ್ನು ವಿದೇಶಕ್ಕೆ ಕಳಿಸುವಾಗ ಮೂಲದಲ್ಲಿ ಸಂಗ್ರಹಿಸುವ ತೆರಿಗೆ ಇಲ್ಲದಿರುವುದೂ ಅವರಿಗೆ ನೆರವಾಯಿತು.

ಸೆವಿಸ್ ಶುಲ್ಕ 350 ಡಾಲರ್, ವೀಸಾ ಶುಲ್ಕ 185 ಡಾಲರ್ ಕಟ್ಟಿ ಸಂದರ್ಶನದ ದಿನಕ್ಕೆ ಕಾಯುತ್ತಿದ್ದಾಗಲೇ, 2025ರ ಮೇ 27ರಂದು ಅಮೆರಿಕದ ವಿದೇಶಾಂಗ ಇಲಾಖೆ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳ ನಿಗದಿಯನ್ನು ತಡೆಹಿಡಿಯಿತು. ಜೂನ್ 18ರಂದು ಅದು ಮತ್ತೆ ಆರಂಭವಾದಾಗ, ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಷರತ್ತು ಸೇರಿತ್ತು. ಆ ಮೂರು ವಾರ ಮನೆಯವರು ನಾಲ್ಕನೆಯ ಸೆಮಿಸ್ಟರ್ ಬಿಡಿಸಿದ್ದಕ್ಕೆ ನನ್ನನ್ನು ಬಾಯಿಬಿಟ್ಟು ದೂರದಿದ್ದುದು ಅವರ ದೊಡ್ಡತನ. ಜುಲೈನಲ್ಲಿ ಮುಂಬೈಯಲ್ಲಿ ದಿನ ಸಿಕ್ಕಿತು. ವಿಜಯಪುರ, ಸೊಲ್ಲಾಪುರದ ಮೇಲೆ ರೈಲಿನಲ್ಲಿ ಹೋಗಿಬಂದರು. ಬಿ.ಇ. ಅರ್ಧಕ್ಕೆ ಏಕೆ ಬಿಟ್ಟೆ ಎಂಬುದೇ ಅಧಿಕಾರಿಯ ಮೊದಲ ಪ್ರಶ್ನೆ. ಅರ್ಜಿ, ಡಿಎಸ್-160, ಟ್ರಾನ್ಸ್‌ಕ್ರಿಪ್ಟ್ ಮೂರರಲ್ಲೂ ಒಂದೇ ಸಂಗತಿ ಇದ್ದುದರಿಂದ ಆಕೆ ಉತ್ತರವನ್ನು ಬಾಯಿಪಾಠ ಮಾಡಿಕೊಂಡಿರಲಿಲ್ಲ.

ಅಲ್ಲಿಗೆ ಹೋದ ಮೊದಲ ವಾರದಲ್ಲಿ ವಿಭಾಗ ನಡೆಸುವ ಪರೀಕ್ಷೆ ಬರೆದು ಮೊದಲ ಕಲನಶಾಸ್ತ್ರದ 4 ಕ್ರೆಡಿಟ್ ಗಳಿಸಿದಳು. ಅದರೊಂದಿಗೆ ಅನ್ವಯವಾದ ಕ್ರೆಡಿಟ್ 31ಕ್ಕೆ ಏರಿತು, ಉಳಿದದ್ದು 89. ಇಲ್ಲಿನ ಮೂರನೆಯ ಸೆಮಿಸ್ಟರಿನ ಆಪರೇಟಿಂಗ್ ಸಿಸ್ಟಮ್ಸ್ ವಿಷಯ ಅಲ್ಲಿ ಮೇಲಿನ ತರಗತಿಯದಾದ್ದರಿಂದ ಅದನ್ನು ಮುಖ್ಯ ವಿಷಯವಾಗಿ ಪರಿಗಣಿಸಬೇಕೆಂಬ ಆಕೆಯ ಮನವಿ ಇನ್ನೂ ವಿಭಾಗದ ಮುಂದಿದೆ. ಸಲಹೆಗಾರರು ತೆಗೆದುಕೊಟ್ಟ ಪಟ್ಟಿಯ ಪ್ರಕಾರ ಪದವಿ ಮುಗಿಯುವುದು 2028ರ ಮೇ ತಿಂಗಳಲ್ಲಿ. ಬಾಗಲಕೋಟೆಯ ಆಕೆಯ ಸಹಪಾಠಿಗಳದು 2027ರಲ್ಲಿ ಮುಗಿಯುತ್ತದೆ. ಹಾಳಾಗಬಾರದೆಂದು ತಂದೆ ಕೇಳಿಕೊಂಡಿದ್ದ ಒಂದು ವರ್ಷ ಕೊನೆಗೂ ಹೋಯಿತು. ಅದನ್ನು ಅವರಿಗೆ ನಾನೇ ಫೋನಿನಲ್ಲಿ ಹೇಳಿದೆ.